ಗದ್ದೆಯ ಯಜಮಾನ ಮತ್ತು ಸೇಬಿನ ಗುರುತು

ಇತ್ತೀಚೆಗೆ ಹಳೆಯ ವಿದ್ಯಾರ್ಥಿಯೊಬ್ಬ ಮನೆಗೆ ಬಂದು, ಕೈಯಲ್ಲಿದ್ದ ಐಫೋನ್ ತೋರಿಸಿ, "ಸರ್, ಇದು ನಮ್ಮ ಕರ್ನಾಟಕದಾಗ ತಯಾರಾಗಿದ್ದು ನೋಡ್ರಿ" ಎಂದ. ಅವನ ಹೆಮ್ಮೆ ಸಹಜವೇ. ಆದರೆ ಆ ಹೆಮ್ಮೆಯ ಭರದಲ್ಲಿ ನಾವು ಒಂದು ಪ್ರಶ್ನೆಯನ್ನು ಮರೆಯುತ್ತಿದ್ದೇವೆ ಎಂಬುದು ನನ್ನ ಆಕ್ಷೇಪ.

1976ರಲ್ಲಿ ಸ್ಟೀವ್ ಜಾಬ್ಸ್, ಸ್ಟೀವ್ ವೋಜ್ನಿಯಾಕ್ ಮತ್ತು ರೊನಾಲ್ಡ್ ವೇಯ್ನ್ ಆರಂಭಿಸಿದ ಆ್ಯಪಲ್ ಕಂಪನಿ 1984ರಲ್ಲಿ ಮ್ಯಾಕಿಂಟೋಷ್ ಗಣಕವನ್ನೂ, 2001ರಲ್ಲಿ ಐಪಾಡನ್ನೂ, 2007ರಲ್ಲಿ ಐಫೋನನ್ನೂ ಹೊರತಂದಿತು. ಅದರ ಪ್ರತಿಭೆಯನ್ನು ನಾನು ಅಲ್ಲಗಳೆಯಲಾರೆ. ಆದರೆ ಐಫೋನಿನ ವಿನ್ಯಾಸ ಆ್ಯಪಲ್‌ನದು. ಜೋಡಣೆ ಗುತ್ತಿಗೆ ಪಡೆದ ಕಂಪನಿಗಳದು. 2017ರಲ್ಲಿ ತೈವಾನಿನ ವಿಸ್ಟ್ರಾನ್ ಬೆಂಗಳೂರಿನಲ್ಲಿ ಈ ಜೋಡಣೆಯನ್ನು ಆರಂಭಿಸಿ, ಮುಂದೆ ಕೋಲಾರ ಜಿಲ್ಲೆಯ ನರಸಾಪುರದಲ್ಲಿ ದೊಡ್ಡ ಕಾರ್ಖಾನೆ ತೆರೆಯಿತು. ಅಲ್ಲಿನ ಬಹುಪಾಲು ಕಾರ್ಮಿಕರು ಮತ್ತೆ ಬೇರೆ ಗುತ್ತಿಗೆದಾರರ ಮೂಲಕ ಬಂದವರು. ಹೀಗೆ ದುಡಿಯುವವನಿಗೂ ಸೇಬಿನ ಗುರುತಿಗೂ ನಡುವೆ ಎರಡು ಗೋಡೆಗಳು.

2020ರ ಡಿಸೆಂಬರ್ 12ರಂದು ಆ ಕಾರ್ಖಾನೆಯಲ್ಲಿ ದಾಂಧಲೆ ನಡೆಯಿತು. ಕಲ್ಲು ತೂರಿದ್ದನ್ನು ನಾನು ಸಮರ್ಥಿಸುವುದಿಲ್ಲ. ಆದರೆ ಕಾರಣವೇನು? ದಿನಕ್ಕೆ ಹನ್ನೆರಡು ತಾಸಿನ ಪಾಳಿ, ಕೈಗೆ ಪೂರ್ತಿ ಬಾರದ ಸಂಬಳ. ವಿಸ್ಟ್ರಾನ್ ಕ್ಷಮೆ ಕೇಳಿತು. ತಪ್ಪು ತಿದ್ದಿಕೊಳ್ಳುವವರೆಗೆ ಹೊಸ ಕೆಲಸ ಕೊಡುವುದಿಲ್ಲವೆಂದು ಆ್ಯಪಲ್ ಎಚ್ಚರಿಸಿತು. ಪೂರೈಕೆದಾರರಿಗೆಂದು ಅದು 2005ರಲ್ಲೇ ನೀತಿಸಂಹಿತೆ ಬರೆದಿತ್ತು! ಹದಿನೈದು ವರ್ಷದ ಸಂಹಿತೆಗೆ ಕಾಣದ್ದು ಒಡೆದ ಗಾಜಿನ ಸದ್ದಿಗೆ ಕೇಳಿಸಿತೇ?

ನಮ್ಮ ಸಿಂಧನೂರಿನ ಮಾತು ಹೇಳುತ್ತೇನೆ. ಎಡದಂಡೆ ಕಾಲುವೆಗೆ ನೀರು ಬಿಟ್ಟೊಡನೆ ಭತ್ತದ ನಾಟಿಗೆ ಹೆಣ್ಣಾಳುಗಳ ಗುಂಪನ್ನು ಮೇಸ್ತ್ರಿ ಕರೆತರುತ್ತಾನೆ. ಅವನು ಕೂಲಿ ಮುರಿದುಕೊಂಡರೆ ಹೆಂಗಸರು ನೇರವಾಗಿ ಗದ್ದೆಯ ಯಜಮಾನನ ಕಟ್ಟೆಗೆ ಬರುತ್ತಾರೆ. "ಮೇಸ್ತ್ರಿಯನ್ನು ಕೇಳಿರಿ" ಎಂದು ಬಾಗಿಲು ಹಾಕಿಕೊಂಡವನಿಗೆ ಊರಲ್ಲಿ ಮರ್ಯಾದೆಯಿಲ್ಲ. ಮುಂದಿನ ಬೆಳೆಗೆ ಆಳುಗಳೂ ಇಲ್ಲ. ಗುತ್ತಿಗೆದಾರ ಕೂಲಿ ಕೊಡದಿದ್ದರೆ ಕೆಲಸ ಮಾಡಿಸಿಕೊಂಡ ಮುಖ್ಯ ಮಾಲೀಕನೇ ಕೊಡಬೇಕೆಂದು 1970ರ ಗುತ್ತಿಗೆ ಕಾರ್ಮಿಕರ ಕಾಯ್ದೆಯೂ ವಿಧಿಸಿತ್ತು. ಆ ಹೊಣೆ ಕಾರ್ಖಾನೆಯ ಗೇಟಿನವರೆಗೆ ಬಂದು ನಿಂತಿತು; ಹೆಚ್ಚಿನ ಲಾಭ ಮಾತ್ರ ಗೇಟು ದಾಟಿ ಕ್ಯಾಲಿಫೋರ್ನಿಯಾ ಸೇರಿತು.

"ಹೀಗೆಲ್ಲ ಕೇಳಿದರೆ ಕಾರ್ಖಾನೆ ಬೇರೆ ರಾಜ್ಯಕ್ಕೆ ಹೋದೀತು" ಎನ್ನುವವರಿದ್ದಾರೆ. ನರಸಾಪುರದಲ್ಲಿ ಅಷ್ಟೆಲ್ಲ ನಡೆದ ಮೇಲೂ ಕಾರ್ಖಾನೆ ಎಲ್ಲಿಗೂ ಹೋಗಲಿಲ್ಲ. 2023ರಲ್ಲಿ ಅದನ್ನು ಕೊಳ್ಳಲು ಟಾಟಾ ಮುಂದೆ ಬಂದಿತು. 2025ರಲ್ಲಿ ದೇವನಹಳ್ಳಿಯ ಬಳಿ ಫಾಕ್ಸ್‌ಕಾನ್ ಕೂಡ ಐಫೋನ್ ತಯಾರಿಕೆ ಆರಂಭಿಸಿತು. ಅವರು ನಮ್ಮ ಮೇಲಿನ ದಯೆಯಿಂದ ಬಂದವರಲ್ಲ, ಲೆಕ್ಕ ಹಾಕಿ ಬಂದವರು. ಲೆಕ್ಕ ಕೇಳಲು ನಾವೇಕೆ ಅಂಜಬೇಕು?

ಐ.ಟಿ.ಐ., ಡಿಪ್ಲೊಮಾ ಮುಗಿಸಿದ ನಮ್ಮ ಭಾಗದ ಮಕ್ಕಳು ರಾತ್ರಿ ಬಸ್ಸು ಹತ್ತಿ ಬೆಂಗಳೂರಿನ ಕಡೆಗೆ ಹೋಗುತ್ತಲೇ ಇದ್ದಾರೆ. ಹೋಗಲಿ, ದುಡಿಯಲಿ. ಆದರೆ ನೇಮಕದ ಪತ್ರ ಕೈಗೆ ಬಂದಾಗ ಅದರಲ್ಲಿ ಯಾರ ಹೆಸರಿದೆ ಎಂದು ಮೊದಲು ಓದಲಿ. ಮೇಸ್ತ್ರಿಯ ಹೆಸರಷ್ಟೇ ಇದ್ದರೆ, ಗದ್ದೆಯ ಯಜಮಾನ ಯಾರೆಂದು ಕೇಳಲಿ. ಇಷ್ಟನ್ನು ಕೇಳಲು ಕಲಿಸದಿದ್ದರೆ ಮೇಷ್ಟ್ರಾಗಿ ನಾನು ಕಲಿಸಿದ್ದಾದರೂ ಏನು?