ತಾಯಿಗಿಂತ ಮಕ್ಕಳಿಗೆ ವಯಸ್ಸು ಹೆಚ್ಚೇ?

ಮೇ ತಿಂಗಳ ರಾತ್ರಿ ಹತ್ತರ ಹೊತ್ತಿಗೆ ಆಗ್ನೇಯ ದಿಕ್ಕಿನಲ್ಲಿ ವೃಶ್ಚಿಕ ರಾಶಿಯ ಕೆಂಪು ನಕ್ಷತ್ರ ಜ್ಯೇಷ್ಠಾ ಹೊಳೆಯುತ್ತಿರುತ್ತದೆ. ಅದರ ಮಗ್ಗುಲಿಗೆ ಬೈನಾಕ್ಯುಲರ್ ತಿರುಗಿಸಿದರೆ ಹತ್ತಿಯ ತುಣುಕಿನಂಥ ಮಸುಕು ಕಲೆಯೊಂದು ಕಾಣುತ್ತದೆ. ಅದರ ಹೆಸರು ಎಂ-4. ಸುಮಾರು 6,000 ಜ್ಯೋತಿರ್ವರ್ಷ ದೂರದಲ್ಲಿ ಲಕ್ಷದಷ್ಟು ನಕ್ಷತ್ರಗಳು ಗುರುತ್ವಾಕರ್ಷಣೆಯಿಂದ ಚೆಂಡಿನಂತೆ ಒತ್ತಾಗಿ ಸೇರಿರುವ ಗೋಳೀಯ ತಾರಾಗುಚ್ಛ ಇದು. ನಮ್ಮ ಆಕಾಶಗಂಗೆಯಲ್ಲಿ ಇಂಥ ಗುಚ್ಛಗಳು 150ಕ್ಕೂ ಹೆಚ್ಚು.

ಒಂದೇ ವರ್ಷ ಒಂದನೇ ತರಗತಿಗೆ ಸೇರಿದ ಮಕ್ಕಳಂತೆ, ಒಂದು ಗುಚ್ಛದ ನಕ್ಷತ್ರಗಳು ಹೆಚ್ಚುಕಡಿಮೆ ಒಂದೇ ಕಾಲದಲ್ಲಿ ಹುಟ್ಟಿದವು. ಆದರೆ ಆಯುಸ್ಸು ಒಂದೇ ಅಲ್ಲ. ಹೆಚ್ಚು ದ್ರವ್ಯರಾಶಿಯ ನಕ್ಷತ್ರ ತನ್ನ ಹೈಡ್ರೋಜನ್ನನ್ನು ದುಂದುಗಾರನಂತೆ ಬೇಗ ಮುಗಿಸುತ್ತದೆ. ಚಿಕ್ಕದು ಜಿಪುಣನಂತೆ ಬಹುಕಾಲ ಉರಿಯುತ್ತದೆ. ಆದ್ದರಿಂದ ಯಾವ ಗಾತ್ರದವರೆಗಿನ ನಕ್ಷತ್ರಗಳು ಇಂಧನ ಮುಗಿಸಿವೆ ಎಂದು ನೋಡಿದರೆ ಗುಚ್ಛದ ವಯಸ್ಸು ತಿಳಿಯುತ್ತದೆ. ಸೂರ್ಯನಂಥ ನಕ್ಷತ್ರದ ಇಂಧನ ಸುಮಾರು 1,000 ಕೋಟಿ ವರ್ಷ ಬಾಳುತ್ತದೆ. ಎಂ-4ರಲ್ಲಿ ಅಂಥವುಗಳ ಇಂಧನವೂ ಮುಗಿದಿದೆ!

ಇಲ್ಲಿಂದಲೇ ಪೇಚು ಶುರುವಾಯಿತು. 1990ರ ದಶಕದ ಮೊದಲಲ್ಲಿ ಇಂಥ ಗುಚ್ಛಗಳ ವಯಸ್ಸು ಸುಮಾರು 1,500 ಕೋಟಿ ವರ್ಷ ಎಂಬ ಲೆಕ್ಕವಿತ್ತು. 1994ರಲ್ಲಿ ಹಬಲ್ ದೂರದರ್ಶಕದ ಅಳತೆಯಿಂದ ಬಂದ ವಿಶ್ವದ ವಯಸ್ಸು ಕೇವಲ 800ರಿಂದ 1,200 ಕೋಟಿ ವರ್ಷ. ತಾಯಿ ಹುಟ್ಟುವ ಮೊದಲೇ ಮಕ್ಕಳು ಹುಟ್ಟಿರಲು ಸಾಧ್ಯವೇ?

ತಪ್ಪು ಎರಡೂ ಕಡೆ ಇತ್ತು. 1997ರಲ್ಲಿ ಪ್ರಕಟವಾದ ಹಿಪಾರ್ಕಸ್ ಉಪಗ್ರಹದ ಅಳತೆಗಳು ಗುಚ್ಛಗಳು ಎಣಿಸಿದ್ದಕ್ಕಿಂತ ದೂರದಲ್ಲಿವೆ ಎಂದು ಸೂಚಿಸಿದವು. ದೂರ ಹೆಚ್ಚಾದರೆ ನಕ್ಷತ್ರಗಳ ನಿಜವಾದ ಪ್ರಕಾಶವೂ ಹೆಚ್ಚು. ಹೆಚ್ಚು ಪ್ರಕಾಶವೆಂದರೆ ಇಂಧನದ ಖರ್ಚು ಬೇಗ. ಹಾಗಾಗಿ ವಯಸ್ಸು ಇಳಿಯಿತು. 1998ರಲ್ಲಿ ವಿಶ್ವದ ಹಿಗ್ಗುವಿಕೆಯ ವೇಗ ಹೆಚ್ಚುತ್ತಿದೆ ಎಂಬುದು ಪತ್ತೆಯಾಗಿ, ವಿಶ್ವದ ವಯಸ್ಸು ಏರಿತು.

2002ರಲ್ಲಿ ಇನ್ನೊಂದು ಸಾಕ್ಷಿ ಸಿಕ್ಕಿತು. ಇಂಧನ ಮುಗಿದ ನಕ್ಷತ್ರಗಳು ಉಳಿಸಿಹೋಗುವ ತಿರುಳೇ ಶ್ವೇತಕುಬ್ಜ. ಅದು ಒಲೆಯ ಕೆಂಡದಂತೆ ನಿಧಾನವಾಗಿ ಆರುತ್ತದೆ. ಎಂ-4ರ ಶ್ವೇತಕುಬ್ಜಗಳು ಎಷ್ಟು ಆರಿವೆ ಎಂದು ಹಬಲ್‌ನಿಂದ ಅಳೆದಾಗ ಬಂದ ಉತ್ತರ 1,200ರಿಂದ 1,300 ಕೋಟಿ ವರ್ಷ. ವಿಶ್ವದ ವಯಸ್ಸು ಸುಮಾರು 1,380 ಕೋಟಿ ವರ್ಷ ಎಂದು ಈಗ ತಿಳಿದಿದೆ. ಅಂತೂ ತಾಯಿಯೇ ಹಿರಿಯಳು.

ಗಣಿತದ ಮನೆಪಾಠದಲ್ಲಿ ಎರಡು ದಾರಿಯಿಂದ ಎರಡು ಉತ್ತರ ಬಂದರೆ ಒಂದನ್ನು ಹೊಡೆದುಹಾಕಿ ಮುಂದೆ ಹೋಗಬಾರದು. ಎರಡನ್ನೂ ಮೊದಲಿನಿಂದ ತಾಳೆ ನೋಡಬೇಕು. ಖಗೋಳಜ್ಞರು ಮಾಡಿದ್ದೂ ಅಷ್ಟೇ.