ಬೀಗ ಲೇಖನಿಗೆ, ಬರಹಕ್ಕಲ್ಲ



ಇಚಲಕರಂಜಿಯ ಮಗ್ಗಗಳಿಗೂ ಗಡಹಿಂಗ್ಲಜ ಸೀಮೆಯ ಕಬ್ಬಿನ ಹೊಲಗಳಿಗೂ ದುಡಿಯಹೋಗುವ ನಮ್ಮವರ ಹಾಜರಿ, ಪಗಾರ, ಮುಂಗಡದ ಲೆಕ್ಕವನ್ನು ಈಗ ಓದಿದ ಮಕ್ಕಳು ಕಂಪ್ಯೂಟರಿನಲ್ಲಿ ಬರೆದಿಡುತ್ತಾರೆ. ಹೊಸ ಕಂಪ್ಯೂಟರಿನೊಡನೆ ಕೆಲವು ದಿನ ಪುಕ್ಕಟೆಯಾಗಿ ಬರುವ ಮೈಕ್ರೋಸಾಫ್ಟ್ ಆಫೀಸಿನ ಅವಧಿ ತೀರಿದಾಗ, ಲೆಕ್ಕವೆಲ್ಲ ಹೋಯಿತೆಂದು ಮನೆಯವರು ಎದೆಗುಂದುವುದುಂಟು.

ಎದೆಗುಂದಬೇಡಿರಿ. ಅವಧಿ ತೀರಿದ್ದು ಬರೆಯುವ ಸಾಧನದ್ದು, ಬರಹ ನಿಮ್ಮದೇ. ಕಂಪ್ಯೂಟರಿನಲ್ಲಿ ಉಳಿಸಿದ ಕಡತಗಳನ್ನು ಆಮೇಲೂ ತೆರೆದು ಓದಬಹುದು, ಮುದ್ರಿಸಬಹುದು. ತಿದ್ದುವುದಕ್ಕೂ ಹೊಸದು ಬರೆಯುವುದಕ್ಕೂ ಮಾತ್ರ ತಡೆ. 2011ರಲ್ಲಿ ಹೊರಬಂದ ಲಿಬ್ರೆಆಫೀಸಿಗೆ ಕಾಸು ಕೊಡಬೇಕಿಲ್ಲ; ಅವೇ ಕಡತಗಳನ್ನು ಅದು ತೆರೆಯುತ್ತದೆ, ತಿದ್ದಲೂ ಬಿಡುತ್ತದೆ. ಆದ್ದರಿಂದ ಇದಕ್ಕಾಗಿ ಸಾಲ ಮಾಡುವುದು ಸಲ್ಲದು.

ಕೂಲಿಗಾರನಿಗೆ ಕಾಗದವೇ ಸಾಕ್ಷಿ. ಹಾಜರಿ ತೋರಿಸಲಾರದವನ ನ್ಯಾಯದ ಬಾಕಿಯೂ ಮುಳುಗೀತು. ಪ್ರವಾದಿ ಯೆರೆಮೀಯನು ಹೊಲ ಕೊಂಡಾಗ ಮುದ್ರೆ ಹಾಕಿದ ಪತ್ರವನ್ನೂ ತೆರೆದ ಪತ್ರವನ್ನೂ ಬಹುಕಾಲ ಉಳಿಯಲೆಂದು ಮಣ್ಣಿನ ಗಡಿಗೆಯಲ್ಲಿ ಇಡಿಸಿದನು. ನಾವೂ ಪೆನ್‌ಡ್ರೈವಿನಲ್ಲಿ ಒಂದು ಪ್ರತಿ, ಕಾಗದದಲ್ಲಿ ಒಂದು ಪ್ರತಿ ಇಡೋಣ. ಬೆವರಿನ ಲೆಕ್ಕವು ಬಾಡಿಗೆಯ ಲೇಖನಿಯೊಂದನ್ನೇ ನಂಬಿ ಇರಬಾರದು.