ಚಲೋ ಆಗೈತಿ ಎಂಬ ಮಾತು

ಕಳೆದ ದೀಪಾವಳಿಯ ಪಾಡ್ಯದ ದಿನ ನಾವು ಧಾರವಾಡದ ಸೀಮೆಯಲ್ಲಿರುವ ನಮ್ಮ ಅಕ್ಕನ ಊರಿನಲ್ಲಿದ್ದೆವು. ರಾತ್ರಿಯ ಊಟ ಮುಗಿದು ಎಲೆಯಡಿಕೆಯ ತಟ್ಟೆ ಪಡಸಾಲೆಗೆ ಬಂದ ಹೊತ್ತು. ಹುಬ್ಬಳ್ಳಿಯಲ್ಲಿ ಇಂಜಿನಿಯರಿಂಗ್ ಓದುತ್ತಿರುವ ಅಕ್ಕನ ಮೊಮ್ಮಗನು ಮೊಬೈಲನ್ನು ನೀರಿನ ತಂಬಿಗೆಗೆ ಆನಿಸಿ ನಿಲ್ಲಿಸಿದನು. ತಾನೂ ತನ್ನ ನಾಲ್ವರು ಗೆಳೆಯರೂ ಕೂಡಿ ತೆಗೆದ ಕಿರುಚಿತ್ರವೊಂದರ ಟ್ರೇಲರನ್ನು ಮನೆಮಂದಿಗೆಲ್ಲ ತೋರಿಸುವುದು ಅವನ ಉದ್ದೇಶವಾಗಿತ್ತು. ಚಿತ್ರ 11 ನಿಮಿಷದ್ದು. ವೆಚ್ಚ 22,000 ರೂಪಾಯಿ. ಅದೂ ಐವರು ಹುಡುಗರ ಕೈಖರ್ಚಿನಿಂದ ಉಳಿಸಿದ್ದು. ಮಳೆಯಿಲ್ಲದ ವರ್ಷ ಸಾಲಕ್ಕಂಜಿ ಎತ್ತು ಮಾರಿದ ಮುದುಕನೊಬ್ಬನ ಕಥೆ. ಟ್ರೇಲರ್ ಮಾತ್ರ 2 ನಿಮಿಷ 40 ಸೆಕೆಂಡು ಓಡಿತು.

ನೋಡಿದವರೆಲ್ಲರೂ “ಚಲೋ ಆಗೈತಿ” ಎಂದರು. ಅಕ್ಕನೂ ಅಂದಳು, ಅಳಿಯನೂ ಅಂದನು. ಹುಡುಗನು ಕಡೆಗೆ ನಮ್ಮ ಕಡೆ ತಿರುಗಿ, “ನೀವು ಹೇಳ್ರಿ ಅಜ್ಜಾರ, ಹೆಂಗ ಆಗೈತಿ?” ಎಂದು ಕೇಳಿದನು. ನಾವೂ “ಚಲೋ ಆಗೈತಿ” ಎಂದೆವು. ಅವನು ಮೊಬೈಲನ್ನು ಎತ್ತಿ ಜೇಬಿಗಿಳಿಸಿಕೊಂಡನು. ಹೊಗಳಿಸಿಕೊಂಡವನ ಮುಖ ಅದಾಗಿರಲಿಲ್ಲ. ಬಾಯಾರಿ ನೀರು ಕೇಳಿದವನಿಗೆ ನಮಸ್ಕಾರ ಮಾಡಿ ಕಳುಹಿಸಿದಂತಾಗಿತ್ತು.

ಆ ರಾತ್ರಿ ನಮಗೆ ಬೇಗ ನಿದ್ರೆ ಹತ್ತಲಿಲ್ಲ. ನಾವು ಹಾಗೆ ಜಾರಿಕೊಂಡುದಕ್ಕೆ ಒಂದು ಹಳೆಯ ಕಾರಣವಿದೆ. ಅದನ್ನು ಈ ಅಂಕಣದಲ್ಲಿ ಈ ಮೊದಲು ಬರೆದಿಲ್ಲ. 1988ರಲ್ಲಿ ನಾವು ಒಂದು ಊರಿನ ಉಚಿತ ವಿದ್ಯಾರ್ಥಿ ನಿಲಯದ ಮೇಲ್ವಿಚಾರಣೆ ನೋಡಿಕೊಳ್ಳುತ್ತಿದ್ದೆವು. ವ್ಯಾಕರಣ, ಅಲಂಕಾರಗಳನ್ನು ಕಲಿತು ಬಂದ ಹೊಸ ಬಿಸಿಯಲ್ಲಿದ್ದ ಕಾಲವದು. ಪಿ.ಯು.ಸಿ. ಓದುತ್ತಿದ್ದ ಹುಡುಗನೊಬ್ಬನು ತಾನು ಬರೆದ ಏಕಾಂಕ ನಾಟಕದ ನೋಟುಪುಸ್ತಕವನ್ನು ತಂದು ನಮ್ಮ ಮೇಜಿನ ಮೇಲಿಟ್ಟು, ಮಾತಾಡದೆ ಹೊರಟುಹೋದನು. ನಾವು ಕೆಂಪು ಮಸಿಯಿಂದ 16 ಪುಟಗಳನ್ನೂ ತಿದ್ದಿದೆವು. ಅಲ್ಪಪ್ರಾಣ ಮಹಾಪ್ರಾಣ, ಸಂಧಿ, ವಿಭಕ್ತಿ ಯಾವುದನ್ನೂ ಬಿಡಲಿಲ್ಲ. ಕಡೆಯ ಪುಟದ ಕೆಳಗೆ ‘ಇದು ನಾಟಕವಲ್ಲ’ ಎಂದು ಬರೆದು ರುಜು ಹಾಕಿದೆವು. ಮೂರನೆಯ ದಿನ ಮುಂಜಾನೆ ಸ್ನಾನದ ಹಂಡೆಯ ಒಲೆಯ ಬಾಯಲ್ಲಿ ಅರ್ಧ ಸುಟ್ಟ ಪುಸ್ತಕದ ರಟ್ಟು ಕಂಡಿತು. ನಮ್ಮ ಕೆಂಪು ಮಸಿಯೂ ಅದರಲ್ಲಿ ಕಂಡಿತು. ಆ ಹುಡುಗ ಈಗ ಐವತ್ತು ದಾಟಿದ ವ್ಯಾಪಾರಿ. ಎದುರಾದಾಗಲೆಲ್ಲ ಕಾಲಿಗೆ ನಮಸ್ಕರಿಸುತ್ತಾನೆ. ನಾಟಕದ ಮಾತನ್ನು ಅವನೂ ಎತ್ತಿಲ್ಲ, ನಾವೂ ಎತ್ತಿಲ್ಲ.

ಅಂದಿನಿಂದ ನಾವು ಕಿರಿಯರ ಕೃತಿ ಕಂಡಾಗಲೆಲ್ಲ ‘ಚೆನ್ನಾಗಿದೆ’ ಎಂಬ ಮಾತಿನ ಹಿಂದೆ ಅಡಗಿಕೊಳ್ಳುವುದನ್ನು ಅಭ್ಯಾಸ ಮಾಡಿಕೊಂಡೆವು. ಇದನ್ನು ಮೃದುತ್ವವೆಂದು ಭಾವಿಸಿದ್ದೆವು. ಎರಡೂ ಸಲ ನಾವು ಮಾಡಿದ್ದು ಒಂದೇ ಕೆಲಸ ಎಂಬುದು ಆ ಪಾಡ್ಯದ ರಾತ್ರಿ ಹೊಳೆಯಿತು. ಅಂದು ನಾಟಕವನ್ನು ಓದದೆ ಅಕ್ಷರಗಳನ್ನಷ್ಟೇ ಓದಿದ್ದೆವು. ಇಂದು ಟ್ರೇಲರನ್ನು ನೋಡದೆ ಹುಡುಗನ ಮುಖವನ್ನಷ್ಟೇ ನೋಡಿದ್ದೆವು.

ಹತ್ತನೆಯ ಶತಮಾನದ ಆದಿಭಾಗದಲ್ಲಿದ್ದ ರಾಜಶೇಖರನು ‘ಕಾವ್ಯಮೀಮಾಂಸೆ’ಯಲ್ಲಿ ಕೃತಿಯನ್ನು ಪರಿಭಾವಿಸುವವರನ್ನು ನಾಲ್ಕು ಬಗೆಯಾಗಿ ವಿಂಗಡಿಸಿದ್ದಾನೆ. ಯಾವುದೂ ರುಚಿಸದ ಅರೋಚಕಿ, ಅನ್ನದೊಂದಿಗೆ ಹುಲ್ಲನ್ನೂ ನುಂಗುವ ಸತೃಣಾಭ್ಯವಹಾರಿ, ಹೊಟ್ಟೆಕಿಚ್ಚಿನ ಮತ್ಸರಿ, ಇದ್ದುದನ್ನು ಇದ್ದಂತೆ ಕಾಣಲು ಶ್ರಮಿಸುವ ತತ್ತ್ವಾಭಿನಿವೇಶಿ. ನಾವು ಮೂವತ್ತಾರು ವರ್ಷಗಳಲ್ಲಿ ಮೊದಲನೆಯ ಬಗೆಯಿಂದ ಎರಡನೆಯ ಬಗೆಗೆ ಸ್ಥಳಾಂತರವಾಗಿದ್ದೆವು, ಅಷ್ಟೆ. ನಾಲ್ಕನೆಯ ಬಗೆಯವರು ವಿರಳರೆಂದು ರಾಜಶೇಖರನೇ ಹೇಳಿರುವುದು ಒಂದು ಸಮಾಧಾನ.

ಮರುದಿನ ಮುಂಜಾನೆ ಹುಡುಗನನ್ನು ಕರೆದು, “ನಿನ್ನೆ ನಾವು ಸುಳ್ಳು ಹೇಳಿದೆವು, ಇನ್ನೊಮ್ಮೆ ತೋರಿಸು” ಎಂದೆವು. ಅವನು ನಕ್ಕನು. ಮೊದಲು ನಡುವೆ ಬಾಯಿ ಹಾಕದೆ ಪೂರ್ಣವಾಗಿ ನೋಡಿದೆವು. ಎರಡನೆಯ ಸಲ ಧ್ವನಿಯನ್ನು ಆರಿಸಿ ಬರಿಯ ಚಿತ್ರವನ್ನು ನೋಡಿದೆವು. ಮೂರನೆಯ ಸಲ ಮೊಬೈಲನ್ನು ಬೋರಲು ಹಾಕಿ ಬರಿಯ ಧ್ವನಿಯನ್ನು ಕೇಳಿದೆವು. ಈ ಉಪಾಯ ನಮ್ಮದಲ್ಲ, ಅವನ ಗೆಳೆಯರಲ್ಲಿ ಸಂಕಲನ ಮಾಡುವ ಹುಡುಗನದು. ಆದರೆ ಅದರಿಂದಾದ ಪ್ರಯೋಜನ ಅಷ್ಟಿಷ್ಟಲ್ಲ. ಕಣ್ಣೂ ಕಿವಿಯೂ ಒಟ್ಟಿಗೆ ಕೆಲಸ ಮಾಡುವಾಗ ಒಂದರ ದೋಷವನ್ನು ಮತ್ತೊಂದು ಮುಚ್ಚಿಕೊಳ್ಳುತ್ತದೆ. ಹೊಲದ ಬದುವಿನ ಮೇಲೆ ಮುದುಕನು ಮಗನಿಗೆ ಹೇಳುವ ಮುಖ್ಯ ಮಾತು ಗಾಳಿಯ ಸದ್ದಿನಲ್ಲಿ ಮುಳುಗಿಹೋಗಿದ್ದುದು ಹಿಂದಿನ ರಾತ್ರಿ ನಮಗೆ ತಿಳಿದೇ ಇರಲಿಲ್ಲ. ಅಕ್ಕನು ಅಡಿಗೆಮನೆಯಿಂದಲೇ, “ಗಾಳಿ ಮಾತಾಡತೈತೋ, ಮುದುಕ ಮಾತಾಡತಾನೋ?” ಎಂದು ಕೇಳಿದಳು. ಹಿಂದಿನ ರಾತ್ರಿ ‘ಚಲೋ ಆಗೈತಿ’ ಎಂದವಳೂ ಅವಳೇ ಎಂಬುದನ್ನು ಓದುಗರು ಮರೆಯಬಾರದು.

ದೋಷ ಕಂಡೊಡನೆ ಹೇಳಿಬಿಡುವ ಮುನ್ನ ನಾವು ಒಂದು ಪ್ರಶ್ನೆ ಕೇಳಿದೆವು. “ಇದರಲ್ಲಿ ಈಗ ಏನೇನು ಬದಲಿಸಲು ನಿನ್ನಿಂದಾಗುತ್ತದೆ?” ಅದಕ್ಕೆ ಬಂದ ಉತ್ತರ ನಮ್ಮ ಕಣ್ಣು ತೆರೆಸಿತು. ಮತ್ತೊಮ್ಮೆ ಚಿತ್ರೀಕರಣ ಮಾಡಲು ಹಣವಿಲ್ಲ. ಇದ್ದರೂ ಆಗದು, ಏಕೆಂದರೆ ಚಿತ್ರದಲ್ಲಿ ನಡೆಸಿದ ಆ ಎತ್ತನ್ನು ಅದರ ಒಡೆಯನು ದಸರೆಯ ಹೊತ್ತಿಗೆ ಸಂತೆಯಲ್ಲಿ ನಿಜವಾಗಿಯೇ ಮಾರಿಬಿಟ್ಟಿದ್ದನು! ಮುದುಕನ ಪಾತ್ರ ಮಾಡಿದವರು ಊರಿನ ಭಜನಾ ತಂಡದ ಹಿರಿಯರು. ಅವರ ಅಭಿನಯ ಆದದ್ದಾಯಿತು. ಹೀಗಿರುವಾಗ ‘ಎತ್ತು ಇನ್ನಷ್ಟು ಬಡಕಲಾಗಿರಬೇಕಿತ್ತು’, ‘ದೊಡ್ಡ ಕ್ಯಾಮೆರಾ ತರಬೇಕಿತ್ತು’ ಎನ್ನುವುದರಿಂದ ಹೇಳುವವರ ಜಾಣತನ ಪ್ರಕಟವಾದೀತೇ ಹೊರತು ಚಿತ್ರಕ್ಕೆ ಕೂದಲೆಳೆಯಷ್ಟೂ ಪ್ರಯೋಜನವಿಲ್ಲ. ಬದಲಿಸಲು ಉಳಿದಿದ್ದುದು ಉದ್ದ, ಕ್ರಮ, ಧ್ವನಿ, ಸಂಗೀತ ಮತ್ತು ತೆರೆಯ ಮೇಲಿನ ಅಕ್ಷರಗಳು. ನಮ್ಮ ಮಾತನ್ನು ಈ ಐದರ ಗೆರೆಯೊಳಗೆ ಇಟ್ಟುಕೊಳ್ಳಲು ನಿಶ್ಚಯಿಸಿದೆವು.

ಇಲ್ಲಿಯೂ ರಾಜಶೇಖರನೇ ಒದಗಿದನು. ಮುಂಜಾನೆ ರಚಿಸಿದುದನ್ನು ಕವಿಯು ದಿನದ ನಾಲ್ಕನೆಯ ಜಾವದಲ್ಲಿ, ಒಬ್ಬನೇ ಇಲ್ಲವೆ ಕೆಲವೇ ಆಪ್ತರೊಡನೆ, ಪರೀಕ್ಷಿಸಬೇಕೆಂದು ಅವನು ವಿಧಿಸುತ್ತಾನೆ. ರಚಿಸುವ ಹೊತ್ತಿನಲ್ಲಿ ರಸದ ಆವೇಶವಿರುವುದರಿಂದ ವಿವೇಚಿಸುವ ದೃಷ್ಟಿ ಇರದೆಂಬುದು ಕಾರಣ. ಹೆಚ್ಚಾದುದನ್ನು ತೆಗೆಯುವುದು, ಕಡಮೆಯಾದುದನ್ನು ತುಂಬುವುದು, ಸ್ಥಾನ ತಪ್ಪಿದುದನ್ನು ಬದಲಿಸುವುದು, ಮರೆತುದನ್ನು ನೆನೆದು ಸೇರಿಸುವುದು ಆ ಪರೀಕ್ಷೆಯ ಕಾರ್ಯ. ಸಾವಿರಕ್ಕೂ ಹೆಚ್ಚು ವರ್ಷಗಳ ಹಿಂದೆ ಹೇಳಿದ ಈ ಕ್ರಮವನ್ನು ಮೊಬೈಲಿನೊಳಗಣ ಚಿತ್ರಕ್ಕೆ ಹಚ್ಚಿದರೆ ಒಂದೂ ವ್ಯರ್ಥವಾಗಲಿಲ್ಲ. ಹೊಸ ಕೃತಿಯನ್ನು ಒಬ್ಬನೇ ಒಬ್ಬನ ಮುಂದೆ ಓದಬೇಡ, ಅವನು ‘ಇದು ನನ್ನದೇ’ ಎಂದರೆ ನಿನಗೆ ಸಾಕ್ಷಿ ಯಾರು ಎಂಬ ಎಚ್ಚರಿಕೆಯನ್ನೂ ಅವನು ಕೊಟ್ಟಿದ್ದಾನೆ. ಅದನ್ನು ಕೇಳಿ ಹುಡುಗನಿಗೆ ಬಹಳ ಸಂತೋಷವಾಯಿತು. ಅವರ ಕಾಲೇಜಿನಲ್ಲಿ ಆಗಲೇ ಅಂಥದೊಂದು ಜಗಳ ನಡೆದಿತ್ತಂತೆ.

ಹೆಚ್ಚಾದುದು ಯಾವುದು? 11 ನಿಮಿಷದ ಚಿತ್ರಕ್ಕೆ 2 ನಿಮಿಷ 40 ಸೆಕೆಂಡಿನ ಟ್ರೇಲರೆಂದರೆ ಸುಮಾರು ಕಾಲುಭಾಗದ ಊಟವನ್ನು ಬಾಗಿಲಲ್ಲೇ ಬಡಿಸಿದ ಹಾಗಾಯಿತು. ಅದಕ್ಕಿಂತ ದೊಡ್ಡ ದೋಷವೆಂದರೆ, ಹಗ್ಗ ಕಿತ್ತುಕೊಂಡ ಎತ್ತು ನಸುಕಿನಲ್ಲಿ ಮುದುಕನ ಮನೆಯಂಗಳಕ್ಕೆ ಬಂದು ನಿಲ್ಲುವ ಕಡೆಯ ದೃಶ್ಯವನ್ನೇ ಟ್ರೇಲರಿನಲ್ಲಿ ಇಟ್ಟುಬಿಟ್ಟಿದ್ದರು. “ಅದೇ ಎಲ್ಲಾಕ್ಕಿಂತ ಚಲೋ ಶಾಟ್ ರೀ” ಎಂದು ಅವನು ವಾದಿಸಿದನು. ನಾವು ಬಾಲ್ಯದಲ್ಲಿ ಚಿತ್ರಮಂದಿರದ ಬಾಗಿಲಲ್ಲಿ ಕೊಳ್ಳುತ್ತಿದ್ದ ಹಾಡಿನ ಪುಸ್ತಕಗಳ ಸಂಗತಿಯನ್ನು ಅವನಿಗೆ ಹೇಳಿದೆವು. ಅದರಲ್ಲಿ ಹಾಡುಗಳ ಜೊತೆಗೆ ಕಥೆಯ ಸಾರಾಂಶವೂ ಇರುತ್ತಿತ್ತು. ನಾಯಕಿ ಸಂಕಟದಲ್ಲಿ ಸಿಲುಕಿದಲ್ಲಿಗೆ ಸರಿಯಾಗಿ ಕಥೆ ನಿಂತು, ಮುಂದಿನದನ್ನು ಬೆಳ್ಳಿತೆರೆಯ ಮೇಲೆ ನೋಡಬೇಕೆಂದು ಅಚ್ಚಾಗಿರುತ್ತಿತ್ತು. ಮುದ್ರಣ ಕಳಪೆ, ಕಾಗದ ಅಗ್ಗ, ಆದರೆ ಎಲ್ಲಿ ನಿಲ್ಲಿಸಬೇಕೆಂಬುದು ಬರೆದವನಿಗೆ ತಿಳಿದಿತ್ತು. ಟ್ರೇಲರ್ ಎಂಬ ಆಂಗ್ಲ ಪದದ ಅರ್ಥ ಹಿಂದೆ ಎಳೆದುಕೊಂಡು ಬರುವುದು ಎಂದು. ಆದಿಯಲ್ಲಿ ಅವನ್ನು ಮುಖ್ಯ ಚಿತ್ರ ಮುಗಿದ ಮೇಲೆ ತೋರಿಸುತ್ತಿದ್ದುದರಿಂದ ಬಂದ ಹೆಸರು. ಜನ ಎದ್ದುಹೋಗುತ್ತಾರೆಂದು ಆಮೇಲೆ ಮುಂದಕ್ಕೆ ತಂದರು. ಎದ್ದುಹೋಗುವವರನ್ನು ನಿಲ್ಲಿಸುವುದೇ ಅದರ ಕಸುಬು.

ಧ್ವನಿಯ ದೋಷಕ್ಕೆ ಪರಿಹಾರ ಅಗ್ಗದ್ದೇ ಸಿಕ್ಕಿತು. ಒಳಕೋಣೆಯ ಕಿಟಕಿ ಮುಚ್ಚಿ, ಸುತ್ತಲೂ ಕೌದಿ ಕಂಬಳಿಗಳನ್ನು ತೂಗುಹಾಕಿ, ಮುದುಕರನ್ನು ಕೂರಿಸಿ ಆ ಒಂದು ಮಾತನ್ನು ಮತ್ತೆ ಹೇಳಿಸಿ ಮುದ್ರಿಸಿಕೊಳ್ಳುವುದೆಂದಾಯಿತು. ಗೋಡೆಗೆ ಬಡಿದು ಮರಳುವ ಸದ್ದನ್ನು ಹತ್ತಿಬಟ್ಟೆ ಉಣ್ಣೆಗಳು ಹೀರುತ್ತವೆ. ಹಿನ್ನೆಲೆಗೆ ಹಳೆಯ ಚಲನಚಿತ್ರಗೀತೆಯ ತುಣುಕನ್ನು ಕೇಳದೆ ಹಾಕಿಕೊಂಡಿದ್ದರು. ಅನ್ಯರ ಸ್ವತ್ತೆಂಬ ಮಾತು ಒಂದೆಡೆಗಿರಲಿ, ಯೂಟ್ಯೂಬಿಗೆ ಏರಿಸಿದರೆ ಯಂತ್ರವೇ ಅದನ್ನು ಗುರುತು ಹಿಡಿಯುತ್ತದೆಂದು ಅವನೇ ಒಪ್ಪಿಕೊಂಡನು. “ಎತ್ತಿನ ಕೊರಳ ಗಂಟೆಯ ಸದ್ದು ನಿನ್ನಲ್ಲಿದೆಯೇ?” ಎಂದು ಕೇಳಿದೆವು. ಇತ್ತು. ಮರೆತಿದ್ದನು.

ಚಿತ್ರರಂಗದ ಹಿರಿಯರಿಗೂ ಇಂಥ ಗಳಿಗೆ ಬಂದದ್ದುಂಟು. ಸತ್ಯಜಿತ್ ರಾಯರು 1952ರಲ್ಲಿ ‘ಪಥೇರ್ ಪಾಂಚಾಲಿ’ಯ ಚಿತ್ರೀಕರಣ ಆರಂಭಿಸಿ, ಹಣವಿಲ್ಲದೆ ವಿಮಾ ಪಾಲಿಸಿಯನ್ನೂ ಪತ್ನಿಯ ಒಡವೆಯನ್ನೂ ಒತ್ತೆಯಿಟ್ಟರು. ಚಿತ್ರ ಅರ್ಧದಲ್ಲಿದ್ದಾಗ, 1954ರಲ್ಲಿ, ಅಮೆರಿಕದ ನಿರ್ದೇಶಕ ಜಾನ್ ಹ್ಯೂಸ್ಟನ್ ತಮ್ಮ ಬೇರೊಂದು ಚಿತ್ರಕ್ಕೆ ತಾಣ ಹುಡುಕುತ್ತ ಕಲ್ಕತ್ತೆಗೆ ಬಂದಿದ್ದರು. ರಾಯರು ಅವರಿಗೆ ಧ್ವನಿಯಿಲ್ಲದ ಕೆಲವು ಭಾಗಗಳನ್ನು ತೋರಿಸಿದರು. ಮಕ್ಕಳಿಬ್ಬರು ಕಾಶಹುಲ್ಲಿನ ಹೂಬಯಲಿನಲ್ಲಿ ಅಲೆದು ರೈಲು ಕಾಣುವ ದೃಶ್ಯವೂ ಅವುಗಳಲ್ಲಿತ್ತು. ಹ್ಯೂಸ್ಟನ್ ಅದರ ಪ್ರಾಮಾಣಿಕತೆಯನ್ನು ಮೆಚ್ಚಿದರು. ಜೊತೆಗೇ, ಅಲೆದಾಟವನ್ನು ಬಹಳ ಹೊತ್ತು ತೋರಿಸಿದರೆ ಏನೂ ಘಟಿಸದೆ ಪ್ರೇಕ್ಷಕರು ಚಡಪಡಿಸುತ್ತಾರೆಂದು ಎಚ್ಚರಿಸಿದರು. ಅವರ ಒಳ್ಳೆಯ ಅಭಿಪ್ರಾಯ ನ್ಯೂಯಾರ್ಕಿನ ಆಧುನಿಕ ಕಲಾ ವಸ್ತುಸಂಗ್ರಹಾಲಯದವರಿಗೆ ತಲುಪಿ, 1955ರ ಮೇ ತಿಂಗಳಲ್ಲಿ ಚಿತ್ರ ಅಲ್ಲಿ ಪ್ರದರ್ಶನಗೊಂಡಿತು. ಆ ಹೂಬಯಲಿನ ದೃಶ್ಯ ಮಾತ್ರ ಚಿತ್ರದಲ್ಲಿ ಇಂದಿಗೂ ಇದೆ. ಆ ಚಿತ್ರವೆಂದೊಡನೆ ಜನ ಮೊದಲು ನೆನೆಯುವುದೂ ಅದನ್ನೇ. ಹೇಳುವವನು ಹೇಳಿದನು, ಮಾಡುವವನು ಮಾಡಿದನು. ಇಬ್ಬರೂ ತಮ್ಮ ತಮ್ಮ ಕೆಲಸವನ್ನು ಬಿಡಲಿಲ್ಲ.

ಇದನ್ನು ಹುಡುಗನಿಗೆ ವಿಶೇಷವಾಗಿ ಹೇಳಬೇಕಾಯಿತು. ಏಕೆಂದರೆ ನಾವು ಒಂದೊಂದು ಕೊರತೆ ಹೇಳಿದಾಗಲೂ ಅವನು, “ಅದು ಹಂಗಲ್ರೀ ಅಜ್ಜಾರ, ಅವತ್ತ ಲೈಟ್ ಹೋಗಿತ್ತು”, “ಅದರ ಅರ್ಥ ಆಮೇಲೆ ತಿಳಿಯತೈತ್ರಿ” ಎಂದು ವಿವರಣೆ ಕೊಡತೊಡಗಿದ್ದನು. “ನೀನು ಪ್ರತಿಯೊಬ್ಬ ಪ್ರೇಕ್ಷಕನ ಮಗ್ಗುಲಲ್ಲಿ ಕುಳಿತು ಹೀಗೆ ಹೇಳಲು ಸಾಧ್ಯವೇ?” ಎಂದೆವು. ಅವನು ಬಾಯಿ ಮುಚ್ಚಿ ಪುಸ್ತಕ ತೆಗೆದು ಬರೆದುಕೊಳ್ಳತೊಡಗಿದನು. ಎಲ್ಲಿ ಬೇಸರವಾಯಿತು, ಎಲ್ಲಿ ತಿಳಿಯಲಿಲ್ಲ ಎಂಬ ಮಾತನ್ನು ಅವನು ನಂಬಬೇಕು. ಅದಕ್ಕೆ ನಾವು ಸೂಚಿಸುವ ಮದ್ದನ್ನು ನಂಬಬೇಕಾಗಿಲ್ಲ. ಹೊಟ್ಟೆನೋವೆಂದು ರೋಗಿ ಹೇಳಿದರೆ ಸಾಕು, ಕಷಾಯ ಕಾಸುವುದು ಬಲ್ಲವನ ಕೆಲಸ. ಒಬ್ಬನ ಮಾತು ಅವನ ರುಚಿಯಿರಬಹುದು. ಒಬ್ಬರಿಗೊಬ್ಬರು ತಿಳಿಯದ ಮೂವರು ಒಂದೇ ಜಾಗವನ್ನು ಬೆರಳಿಟ್ಟು ತೋರಿಸಿದರೆ ಅಲ್ಲಿ ಏನೋ ಇದೆ. ಮತ್ತು ‘ಹೇಗಿದೆ?’ ಎಂದು ಕೇಳಿದರೆ ‘ಚೆನ್ನಾಗಿದೆ’ ಎಂದೇ ಉತ್ತರ ಬರುತ್ತದೆ. ‘ಮುದುಕ ಏನೆಂದ?’, ‘ಯಾವಾಗ ನಿಮಗೆ ಮನಸ್ಸು ಬೇರೆಡೆಗೆ ಹೋಯಿತು?’ ಎಂದು ಕೇಳಬೇಕು. ಹಿಂದಿನ ರಾತ್ರಿ ಅವನು ಹಾಗೆ ಕೇಳಿದ್ದರೆ ನಾವು ಜಾರಿಕೊಳ್ಳಲು ಆಗುತ್ತಿರಲಿಲ್ಲ.

ನಮ್ಮಿಂದಲೂ ಒಂದು ಸ್ಖಲನವಾಯಿತು. ಉತ್ಸಾಹದಲ್ಲಿ, ಮುದುಕನ ಬಾಯಿಂದ ಒಂದು ನೀತಿವಾಕ್ಯ ಹೇಳಿಸಿದರೆ ಚೆನ್ನೆಂದು ಸಲಹೆ ಮಾಡಿದೆವು. ವಾಕ್ಯವನ್ನೂ ನಾವೇ ರಚಿಸಿ ಕೊಟ್ಟೆವು. ಹುಡುಗನು ವಿನಯದಿಂದ ಬರೆದುಕೊಂಡನು. ಹೊರಡುವ ಮುಂಚೆ, “ಅಜ್ಜಾರ, ಅದು ನಿಮ್ಮ ಮಾತಾತು, ಮುದುಕನ ಮಾತಾಗಂಗಿಲ್ಲ” ಎಂದನು. ಅಂದು ನಾವು ಕೇಳಿದ ಅತ್ಯುತ್ತಮ ವಿಮರ್ಶೆ ಅದು. ಪುಣೆಯ ಚಲನಚಿತ್ರ ಸಂಸ್ಥೆಯಲ್ಲಿ ಕಲಿಯುವಾಗ ಚಿದಾನಂದ ನಾಯ್ಕರು ಕೋಳಿ ಕದ್ದ ಮುದುಕಿಯ ಜನಪದ ಕಥೆಯನ್ನು ಆಧರಿಸಿ ಮಾಡಿದ 16 ನಿಮಿಷದ ಕನ್ನಡ ಕಿರುಚಿತ್ರಕ್ಕೆ 2024ರಲ್ಲಿ ಕಾನ್ ಚಿತ್ರೋತ್ಸವದ ವಿದ್ಯಾರ್ಥಿ ವಿಭಾಗದಲ್ಲಿ ಪ್ರಥಮ ಬಹುಮಾನ ಬಂದುದನ್ನು ಅವನೇ ನಮಗೆ ತಿಳಿಸಿ, ಅಲ್ಲಿ ಯಾರೂ ನೀತಿ ಹೇಳುವುದಿಲ್ಲವೆಂದು ಸೇರಿಸಿದನು.

ಹದಿನೈದು ದಿನಗಳ ಮೇಲೆ ಹೊಸ ಟ್ರೇಲರ್ ಬಂದಿತು. 58 ಸೆಕೆಂಡು. ಗಾಳಿಯಿಲ್ಲ, ಹಾಡಿಲ್ಲ. ಮುದುಕನ ಮಾತು ಸ್ಪಷ್ಟವಾಗಿದೆ. ಬರಿದಾದ ಗೋದಲಿಯನ್ನು ತೋರಿಸಿ ತೆರೆ ಕಪ್ಪಾಗುತ್ತದೆ. ಆ ಕತ್ತಲಲ್ಲಿ ಎಲ್ಲೋ ದೂರದಲ್ಲಿ ಗಂಟೆಯ ಸದ್ದು. ಚಿತ್ರದ ಹೆಸರಿನ ಅಕ್ಷರಗಳನ್ನು ದೊಡ್ಡದು ಮಾಡೆಂದು ನಾವು ಎರಡು ಸಲ ಹೇಳಿದ್ದೆವು. ಅವು ಹಿಂದಿದ್ದಷ್ಟೇ ಸಣ್ಣಗಿವೆ. ನಾವು, ಅಕ್ಕ ಎಲ್ಲರೂ ಹಳೆಯದನ್ನು ಕಂಡವರಾದುದರಿಂದ ನಮ್ಮ ಕಣ್ಣು ಈ ಪರೀಕ್ಷೆಗೆ ಸಲ್ಲದು. ಅಕ್ಕನು ಮಜ್ಜಿಗೆಗೆಂದು ಬಂದಿದ್ದ ಪಕ್ಕದ ಮನೆಯ ಹೆಣ್ಣುಮಗಳನ್ನು ಕೂರಿಸಿ ತೋರಿಸಿದಳಂತೆ. ಆಕೆ ಚಲೋ ಆಗೈತಿ ಎನ್ನಲಿಲ್ಲ. ಮಜ್ಜಿಗೆಯ ಚರಿಗೆಯನ್ನು ಕೈಯಲ್ಲಿ ಹಿಡಿದುಕೊಂಡೇ, “ಎತ್ತು ತಿರುಗಿ ಬರತೈತೇನವಾ?” ಎಂದು ಕೇಳಿದಳಂತೆ. ಅಕ್ಕನು ಹೇಳಲಿಲ್ಲ.